ದಮ್ ಇಲ್ಲದ ಕರೆಂಟು

ಲಾತೂರಿಗೆ ರೈಲಿನಲ್ಲಿ ಕುಡಿಯುವ ನೀರು ಬಂದದ್ದು 2016ರ ಏಪ್ರಿಲ್‌ನಲ್ಲಿ. ನಮ್ಮ ಬಸವಕಲ್ಯಾಣದಿಂದ ಉತ್ತರಕ್ಕೆ ನಿಲಂಗಾ ದಾಟಿ ಮುಂದೆ ಹೋದರೆ ಲಾತೂರು. ಅಲ್ಲಿಯ ಬರಕ್ಕೂ ನಮ್ಮ ಬರಕ್ಕೂ ನಡುವೆ ಇದ್ದದ್ದು ಬರೀ ರಾಜ್ಯದ ಗಡಿ. ಹಿಂದಿನ ಎರಡೂ ವರ್ಷ ಮಳೆ ಕೈಕೊಟ್ಟಿತ್ತು. ರಾಜೇಶ್ವರದಿಂದ ಒಳಗೆ ನಮ್ಮ ಹೊಲಕ್ಕೆ ಹೋಗುವ ಬಂಡಿದಾರಿಯಲ್ಲಿ ಎರೆಮಣ್ಣು ಬಾಯಿಬಿಟ್ಟು ನಿಂತಿತ್ತು, ಆ ಬಿರುಕಿನೊಳಗೆ ಮೊಣಕೈವರೆಗೆ ಕೈ ಇಳಿಯುತ್ತಿತ್ತು. ಅಂಥ ಒಣ ದಿನಗಳಲ್ಲೇ ಅಪ್ಪ ಹಳೆಯ ಡಬಲ್ ಕ್ಯಾಬಿನ್ ಪಿಕಪ್ ಒಂದನ್ನು ಹೈದರಾಬಾದಿನ ಕಡೆಯಿಂದ ಕೊಂಡು ತಂದರು. ನಾಲ್ಕೂ ಚಕ್ರ ಎಳೆಯುವ ಗಾಡಿ ಎಂಬುದೇ ಅದರ ಆಕರ್ಷಣೆ. ಮಳೆಗಾಲದಲ್ಲಿ ಹೊಲದ ದಾರಿಗೆ ಅಂಥದ್ದೇ ಬೇಕು ಎಂದು ಅಪ್ಪನ ಲೆಕ್ಕ. ಆದರೆ ಮಳೆಗಾಲವೇ ಬರಲಿಲ್ಲ, ನಾಲ್ಕೂ ಚಕ್ರಕ್ಕೆ ಬಲ ಕೊಡಲು ಡ್ಯಾಶ್‌ಬೋರ್ಡಿನಲ್ಲಿದ್ದ ದುಂಡು ಗುಂಡಿಯನ್ನು ತಿರುಗಿಸುವ ಪ್ರಸಂಗವೂ ಬರಲಿಲ್ಲ.

ಬಂದದ್ದು ಆ ಸೆಪ್ಟೆಂಬರಿನಲ್ಲಿ. ಬರಗಾಲದ ಸಿಟ್ಟನ್ನೆಲ್ಲ ತೀರಿಸಿಕೊಳ್ಳುವ ಹಾಗೆ ಮಳೆ ಸುರಿಯಿತು. ಮಾಂಜ್ರಾ ಹೊಳೆ ದಡ ಬಿಟ್ಟು ಹರಿಯಿತು. ನಮ್ಮ ಹೊಲದ ಕೊಟ್ಟಿಗೆಯಲ್ಲಿ ರಾಶಿ ಮಾಡಿದ ಉದ್ದಿನ ಚೀಲಗಳಿದ್ದವು, ಅರ್ಧ ಹೊಲ ಇನ್ನೂ ಕಟಾವಾಗಬೇಕಿತ್ತು. ಉದ್ದು ಬೆಳೆದವರಿಗೆ ಇದರ ಸಂಕಟ ಗೊತ್ತು. ಕಾಯಿ ಮಾಗಿದ ಮೇಲೆ ನೀರು ಕುಡಿದರೆ ಗಿಡದಲ್ಲೇ ಮೊಳಕೆ ಒಡೆಯುತ್ತದೆ. ಚೀಲದ ಕಾಳಿಗೆ ತೇವ ಹಿಡಿದರೆ ಎರಡು ದಿನದಲ್ಲಿ ಮುಗ್ಗಲು ವಾಸನೆ. ಆಮೇಲೆ ಹುಮನಾಬಾದಿನ ಎಪಿಎಂಸಿಯಲ್ಲಿ ಅದನ್ನು ಮುಟ್ಟಿ ನೋಡುವವರೂ ಇರುವುದಿಲ್ಲ.

ಎರೆಮಣ್ಣಿನ ಗುಣವನ್ನೂ ಹೇಳಬೇಕು. ಒಣಗಿದಾಗ ಕಲ್ಲು, ನೆನೆದಾಗ ಅಂಟು. ಅದರ ಜೇಡಿ ನೀರು ಹೀರಿಕೊಂಡು ಉಬ್ಬುತ್ತದೆ, ಟಾಯರಿನ ಗೀರುಗಳನ್ನು ಒಂದೇ ಸುತ್ತಿನಲ್ಲಿ ತುಂಬಿ ಚಕ್ರವನ್ನು ನುಣ್ಣಗೆ ಮಾಡಿಬಿಡುತ್ತದೆ. ಹಿಂದಿನ ಎರಡು ಚಕ್ರ ಮಾತ್ರ ತಿರುಗುವ ಗಾಡಿ ಅಲ್ಲಿ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ. ಮುಂದಿನ ಚಕ್ರಗಳೂ ಎಳೆದರೆ, ಅವು ಇನ್ನೂ ತುಳಿಯದ ಮಣ್ಣನ್ನು ಹಿಡಿಯುವುದರಿಂದ, ಗಾಡಿ ನಿಧಾನವಾಗಿಯಾದರೂ ಸಾಗುತ್ತದೆ. ನಮ್ಮ ದಾರಿಯ ತಗ್ಗಿನಲ್ಲಿ ಅಪ್ಪ ಗಾಡಿ ನಿಲ್ಲಿಸಿ ಗುಂಡಿಯನ್ನು 2ಎಚ್‌ನಿಂದ 4ಎಚ್‌ಗೆ, ಎಂದರೆ ಎರಡು ಚಕ್ರದಿಂದ ನಾಲ್ಕು ಚಕ್ರಕ್ಕೆ, ತಿರುಗಿಸಿದರು. ಮೀಟರಿನ ಪಕ್ಕದ ಹಸಿರು ದೀಪ ಮಿಣುಕತೊಡಗಿತು. ಮಿಣುಕುತ್ತಲೇ ಇತ್ತು. ಕೆಳಗಿನಿಂದ ಏನೂ ಸದ್ದಿಲ್ಲ. ಟ್ರ್ಯಾಕ್ಟರ್ ಬಂದು ಎಳೆದುಕೊಂಡು ಹೋಗುವ ಹೊತ್ತಿಗೆ ಕತ್ತಲಾಗಿತ್ತು.

ಈ ಗುಂಡಿಯ ಹಿಂದಿನ ಕಥೆ ನನಗೆ ಆಗ ಗೊತ್ತಿರಲಿಲ್ಲ, ಆಮೇಲೆ ಹುಡುಕಿಕೊಂಡು ತಿಳಿದೆ. ಎರಡನೆಯ ಮಹಾಯುದ್ಧದ ವಿಲ್ಲಿಸ್ ಜೀಪಿನಲ್ಲಿ ಗೇರಿನ ಕಡ್ಡಿಯ ಪಕ್ಕದಲ್ಲೇ ಇನ್ನೂ ಎರಡು ಚಿಕ್ಕ ಕಡ್ಡಿಗಳಿದ್ದವು. ಒಂದು ಮುಂದಿನ ಚಕ್ರಗಳಿಗೆ ಬಲ ಕೊಡಲು, ಇನ್ನೊಂದು ಕೆಳಗೇರಿಗೆ. ಮಹೀಂದ್ರಾದವರು 1940ರ ದಶಕದ ಕೊನೆಯಲ್ಲಿ ಮುಂಬೈಯಲ್ಲಿ ಜೋಡಿಸತೊಡಗಿದ ಜೀಪುಗಳೂ ಅದೇ ಬಗೆಯವು. ಕಡ್ಡಿ ಎಂದರೆ ಕೈಗೂ ಗೇರಿಗೂ ನೇರ ಸಂಬಂಧ. ಸಿಕ್ಕಿಕೊಂಡರೆ ಅದು ಅಂಗೈಗೇ ತಿಳಿಯುತ್ತದೆ. 1980ರ ದಶಕದ ನಡುವೆ ಅಮೆರಿಕದ ಫೋರ್ಡ್ ಕಂಪನಿ ಆ ಕಡ್ಡಿಯ ಬದಲು ಬಟನ್ ಕೊಟ್ಟಿತು. ಕಡ್ಡಿ ಮಾಡುತ್ತಿದ್ದ ಕೆಲಸವನ್ನು, ಬಲವನ್ನು ಮುಂದಿನ ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಬೆನ್ನಿಗೆ ಬೋಲ್ಟ್ ಮಾಡಿದ ಪುಟ್ಟ ಮೋಟಾರು ಮಾಡತೊಡಗಿತು. ನಮ್ಮ ದೇಶದ ಪಿಕಪ್‌ಗಳಿಗೆ ಇದು ಬಂದದ್ದು ತಡವಾಗಿ. 2007ರಲ್ಲಿ ಸ್ಕಾರ್ಪಿಯೊ ಗೆಟ್‌ಅವೇ, 2009ರಲ್ಲಿ ಟಾಟಾ ಝೆನಾನ್ ಬಂದ ಕಾಲ ಅದು. ಹೊಲಕ್ಕೂ ಆಗಬೇಕು, ಬೀಗರ ಮನೆಗೂ ಆಗಬೇಕು ಎನ್ನುವವರಿಗಾಗಿ ಬಂದ ಗಾಡಿಗಳು.

ಮೋಟಾರು ಬಂದದ್ದೇ ತಪ್ಪು ಎಂದು ಹಳೆಯ ಜೀಪಿನವರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮೋಟಾರಿನ ಹಿಂದೆ ಒಂದು ಚಿಕ್ಕ ಎಲೆಕ್ಟ್ರಾನಿಕ್ ಪೆಟ್ಟಿಗೆ ಇರುತ್ತದೆ. ವೇಗ ಎಷ್ಟಿದೆ, ಕ್ಲಚ್ ಒತ್ತಿದೆಯೇ, ಗೇರು ನ್ಯೂಟ್ರಲ್‌ನಲ್ಲಿದೆಯೇ ಎಂದು ನೋಡಿಯೇ ಅದು ಅಪ್ಪಣೆ ಕೊಡುತ್ತದೆ. 4ಎಲ್ ಅಂದರೆ ಕೆಳಗೇರು, ಸುಮಾರು ಎರಡೂವರೆ ಪಟ್ಟು ಬಲ. ಓಡುವ ಗಾಡಿಯಲ್ಲಿ ಅದನ್ನು ಹಾಕಿದರೆ ಗೇರಿನ ಹಲ್ಲು ಉಳಿಯುವುದಿಲ್ಲ. ಪೆಟ್ಟಿಗೆ ಅದನ್ನು ತಡೆಯುತ್ತದೆ. ತೊಂದರೆ ಇರುವುದು ಒಂದೇ ಕಡೆ. ಕಡ್ಡಿಯಾದರೆ ಎಲ್ಲಿ ಸಿಕ್ಕಿತು ಎಂದು ಕೈಗೆ ತಿಳಿಯುತ್ತಿತ್ತು. ಇಲ್ಲಿ ಎಲ್ಲ ಕಾಯಿಲೆಗೂ ಒಂದೇ ಲಕ್ಷಣ, ದೀಪ ಮಿಣುಕುತ್ತದೆ. ಫ್ಯೂಸ್ ಹೋದರೂ ಅದೇ, ಸ್ವಿಚ್ ಹೋದರೂ ಅದೇ, ವೇಗದ ಸೆನ್ಸರ್ ಹೋದರೂ ಅದೇ, ತಂತಿ ತುಂಡಾದರೂ ಅದೇ.

ಹಾಗಾಗಿ ದೊಡ್ಡ ಊರಿನ ಸರ್ವಿಸ್ ಸೆಂಟರೊಂದರಲ್ಲಿ ನೋಡಿದವರು ಮೋಟಾರು ಮತ್ತು ಪೆಟ್ಟಿಗೆ ಎರಡನ್ನೂ ಬದಲಿಸಬೇಕೆಂದರು. ಅವರು ಹೇಳಿದ ಮೊತ್ತಕ್ಕೆ ಆ ವರ್ಷ ಒಂದು ಜೊತೆ ಎತ್ತು ಬರುತ್ತಿತ್ತು. ಯಾವುದು ಕೆಟ್ಟಿದೆ ಎಂದು ಅಪ್ಪ ಕೇಳಿದರೆ, ಎರಡನ್ನೂ ಹಾಕಿ ನೋಡೋಣ ಎಂಬ ಉತ್ತರ. ಅಪ್ಪ ಗಾಡಿ ತಿರುಗಿಸಿ ಬಸವಕಲ್ಯಾಣಕ್ಕೆ ತಂದರು.

ಹೊರಗಿನವರಿಗೆ ಬಸವಕಲ್ಯಾಣ ಎಂದರೆ ಅನುಭವ ಮಂಟಪ, ಚಾಲುಕ್ಯರ ಕೋಟೆ, 2012ರಲ್ಲಿ ನಿಂತ 108 ಅಡಿ ಎತ್ತರದ ಬಸವಣ್ಣ. ನಮಗೆ ಅದು ಲಾರಿಗಳ ಊರೂ ಹೌದು. ಹೈದರಾಬಾದು, ಸೋಲಾಪುರ, ಪುಣೆಯ ಹೆದ್ದಾರಿ ಊರಿನ ದಕ್ಷಿಣಕ್ಕೆ, ಸಸ್ತಾಪುರ ಬಂಗ್ಲಾದ ಮೇಲೆ ಹಾದುಹೋಗುತ್ತದೆ. ಅದರ ಸಂಖ್ಯೆ ಈಗ 65, ನಮ್ಮ ಹಿರಿಯರ ಬಾಯಲ್ಲಿ ಮಾತ್ರ ಇನ್ನೂ ನಂಬರ್ 9. ಲಾರಿ ಇಟ್ಟವರು, ಲಾರಿ ಓಡಿಸುವವರು, ಬಾಡಿ ಕಟ್ಟುವವರು, ಕಮಾನು ಪಾಟಿ ಹೊಡೆಯುವವರು, ಟಾಯರು ರಿಮೋಲ್ಡ್ ಮಾಡುವವರು, ಹಳೆಯ ಲಾರಿ ಕೊಂಡು ಮಾರುವವರು, ಇವರಿಂದ ಊರಿನ ಅರ್ಧ ಸಂಸಾರ ನಡೆಯುತ್ತದೆ. ಹುಮನಾಬಾದಿನಿಂದ ಆ ಕಡೆ ಇದೇ ಹೆದ್ದಾರಿಯಲ್ಲಿ ಜಹೀರಾಬಾದಿದೆ. ಅಲ್ಲಿ 1980ರ ದಶಕದಲ್ಲಿ ಆಲ್ವಿನ್ ನಿಸ್ಸಾನ್ ಲಾರಿಗಳು ತಯಾರಾಗುತ್ತಿದ್ದವು, ಆಮೇಲೆ ಆ ಕಾರ್ಖಾನೆ ಮಹೀಂದ್ರಾದವರ ಕೈಗೆ ಬಂತು. ಈ ಸೀಮೆಯ ಎಷ್ಟೋ ಹುಡುಗರ ಕೈಗೆ ಸ್ಪ್ಯಾನರು ಬಂದದ್ದು ಈ ಹೆದ್ದಾರಿಯ ದಯೆಯಿಂದ.

ನಾವು ಹೋದದ್ದು ವಾಯರಿಂಗ್ ಮಿಸ್ತ್ರಿಯೊಬ್ಬರ ಹತ್ತಿರ. ಅವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಟಾಟಾ 1210 ಲಾರಿಗಳ ಡೈನಮೋ ಬಿಚ್ಚಿ ಕೆಲಸ ಕಲಿತವರು. ಇಂಗ್ಲಿಷ್ ಬರುತ್ತಿರಲಿಲ್ಲ, ಕನ್ನಡ ಮಾತಾಡುತ್ತಿದ್ದರು, ಬರೆಯುವುದೆಲ್ಲ ಉರ್ದುವಿನಲ್ಲಿ. ಸರ್ವಿಸ್ ಸೆಂಟರಿನ ಕಾಗದವನ್ನು ಅಪ್ಪ ಮುಂದೆ ಹಿಡಿದರೆ ಅವರು ಅದನ್ನು ನೋಡಲೇ ಇಲ್ಲ.

"ಬದಲಿ ಮಾಡೋದು ಯಾರಿಗರೆ ಬರ್ತದರಿ. ಯಾಕ ಹೋಗ್ಯಾದ ಅಂಬೋದು ಮೊದಲ ತಿಳಿಬೇಕು."

ಆಮೇಲೆ ಪ್ರಶ್ನೆ ಶುರು. ಕಡೆಗೆ ಯಾವಾಗ ನಾಲ್ಕೂ ಚಕ್ರ ಹಿಡಿದಿತ್ತು? ಮೊದಲಿನ ಮಾಲಕರು ಎಲ್ಲಿಯವರು, ಹೊಲದವರೋ ಪ್ಯಾಟಿಯವರೋ? ಗುಂಡಿ ತಿರುಗಿಸಿದರೆ ದೀಪ ಎಷ್ಟು ಹೊತ್ತಿಗೆ ಮಿಣುಕಲು ಸುರುಮಾಡುತ್ತದೆ? ಹೆಡ್‌ಲೈಟು ಮಂದವಾಗುತ್ತದೆಯೇ? ವೇಗದ ಮುಳ್ಳು ಸರಿಯಾಗಿ ಕುಣಿಯುತ್ತದೆಯೇ? ಮುಂದಿನ ಹಿಂದಿನ ಟಾಯರು ಒಂದೇ ಅಳತೆಯವೇ? ಸಾಮಾನಿನ ಪೆಟ್ಟಿಗೆ ಇನ್ನೂ ಮುಚ್ಚಿಯೇ ಇತ್ತು. ಆಸ್ಪತ್ರೆಯಲ್ಲಿ ಕೂಡ ನನ್ನನ್ನು ಯಾರೂ ಅಷ್ಟು ವಿವರವಾಗಿ ಕೇಳಿರಲಿಲ್ಲ.

ಆಮೇಲೆ ಎಂಜಿನ್ ಬಂದ್ ಮಾಡಿಸಿ ಚಾವಿ ಮಾತ್ರ ಆನ್ ಇಡಿಸಿದರು. ಗ್ಯಾರೇಜಿನ ಹುಡುಗರಿಗೆ ಸುತ್ತಿಗೆ ನಿಲ್ಲಿಸಿ ಎಂದರು. ನನ್ನನ್ನು ಸೀಟಿನ ಮೇಲೆ ಕೂರಿಸಿ, ತಾವು ಡ್ಯಾಶ್‌ಬೋರ್ಡಿನ ಕೆಳಗೆ ಕಿವಿಯಿಟ್ಟು, ತಿರುಗಿಸು ಎಂದರು. 'ಟಿಕ್' ಎಂದು ಸಣ್ಣ ಸದ್ದು. ಹಿಂದಕ್ಕೆ ತಿರುಗಿಸಿದರೆ ಮತ್ತೆ 'ಟಿಕ್', ಸ್ವಲ್ಪ ಬೇರೆ ಜಾಗದಿಂದ. ಚಾಚಾ ಎದ್ದು ನಿಂತು ಬೆರಳು ಮಡಿಸುತ್ತ ಹೇಳಿದರು. ಗುಂಡಿ ಸರಿ ಇದೆ, ಫ್ಯೂಸ್ ಸರಿ ಇದೆ, ಪೆಟ್ಟಿಗೆ ಅಪ್ಪಣೆ ಕೊಡುತ್ತಿದೆ, ಎರಡೂ ರಿಲೇ ಒತ್ತುತ್ತಿವೆ. ಒಂದು ರಿಲೇ ಮೋಟಾರನ್ನು ಬಲಕ್ಕೆ ತಿರುಗಿಸುತ್ತದೆ, ಇನ್ನೊಂದು ಪ್ಲಸ್ ಮೈನಸ್ ಅದಲುಬದಲು ಮಾಡಿ ಎಡಕ್ಕೆ. ಎಂದರೆ ರೋಗ ಇಲ್ಲಿಂದ ಮುಂದೆ, ರಿಲೇಗೂ ಮೋಟಾರಿಗೂ ನಡುವೆ, ಇಲ್ಲವೇ ಮೋಟಾರಿನೊಳಗೆ. ಒಂದು ಸದ್ದಿನಿಂದ ಅರ್ಧ ಗಾಡಿ ನಿರ್ದೋಷಿಯಾಯಿತು. ಹೊಸದಾಗಿ ಹಾಕಿಸಬೇಕೆಂದಿದ್ದ ಪೆಟ್ಟಿಗೆಯ ದುಡ್ಡು ಆ ಕ್ಷಣವೇ ಉಳಿಯಿತು.

ಮುಂದಿನದ್ದನ್ನು ನಾನು ಯಾವತ್ತೂ ಮರೆಯಲಾರೆ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಚಾಚಾ ಗಾಡಿಯ ಕೆಳಗೆ ಹೋಗಿ ಮೋಟಾರಿನ ಸಾಕೆಟ್ ಬಿಚ್ಚಿದರು. ದಪ್ಪ ತಂತಿ ಎರಡು ಮೋಟಾರಿಗೆ, ತೆಳುವಾದವು ಎನ್‌ಕೋಡರಿಗೆ. ಎನ್‌ಕೋಡರ್ ಎಂದರೆ ಮೋಟಾರಿನ ಅಚ್ಚು ಈಗ ಎಲ್ಲಿದೆ ಎಂದು ಪೆಟ್ಟಿಗೆಗೆ ವರದಿ ಒಪ್ಪಿಸುವ ಭಾಗ. ದಪ್ಪ ತಂತಿಗಳಿಗೆ ಮೀಟರಿನ ಕಡ್ಡಿಗಳನ್ನು ಹಚ್ಚಿ, ತಿರುಗಿಸು ಎಂದರು. ಪೆಟ್ಟಿಗೆ ಕೆಲವೇ ಸೆಕೆಂಡು ಕರೆಂಟು ಕೊಟ್ಟು, ಕೆಲಸ ಆಗದಿದ್ದರೆ ಕೈಬಿಡುತ್ತದೆ, ನೋಡುವುದೆಲ್ಲ ಅಷ್ಟರೊಳಗೇ. ಮೀಟರು ಹನ್ನೆರಡು ವೋಲ್ಟ್ ತೋರಿಸಿತು. ನನಗೆ ಎದೆ ಧಸಕ್ಕೆಂದಿತು. ಹನ್ನೆರಡು ಬರುತ್ತಿದ್ದರೆ ತಂತಿ ಸರಿ ಇದೆ, ಕೆಟ್ಟಿರುವುದು ಮೋಟಾರೇ, ಸರ್ವಿಸ್ ಸೆಂಟರಿನವರು ಹೇಳಿದ್ದು ಅರ್ಧವಾದರೂ ನಿಜ.

ಚಾಚಾ ಮೀಟರನ್ನು ಬದಿಗಿಟ್ಟು ಹಳೆಯ ಹೆಡ್‌ಲೈಟ್ ಬಲ್ಬೊಂದನ್ನು ತೆಗೆದರು. ಅದಕ್ಕೆ ಎರಡು ತಂತಿ ಬೆಸೆದಿತ್ತು, ತುದಿಗೆ ಪಿನ್ನು. ಅದೇ ಸಾಕೆಟ್ಟಿಗೆ ಸಿಕ್ಕಿಸಿ ಮತ್ತೆ ತಿರುಗಿಸಲು ಹೇಳಿದರು. ಬಲ್ಬಿನ ತಂತು ಕೆಂಡದ ಬಣ್ಣಕ್ಕೆ ಬಂದು ಅಲ್ಲೇ ನಿಂತಿತು, ಬೆಳಕಾಗಲಿಲ್ಲ.

"ನೋಡ್ರಿ. ಕರೆಂಟ್ ಬರ್ಲತ್ತದ. ಖರೆ ದಮ್ ಇಲ್ಲ."

ಇದರ ಗಣಿತವನ್ನು ನಾನು ಆಮೇಲೆ ಕಾಗದದ ಮೇಲೆ ಹಾಕಿ ನೋಡಿದೆ. ಡಿಜಿಟಲ್ ಮೀಟರು ತಾನು ಅಳೆಯುವ ತಂತಿಯಿಂದ ಕರೆಂಟು ಎಳೆಯುವುದೇ ಇಲ್ಲ ಎನ್ನಬೇಕು, ಅದರ ಒಳ ಅಡ್ಡಿ ಒಂದು ಕೋಟಿ ಓಮ್‌ನಷ್ಟು. ತಂತಿಯ ಇಪ್ಪತ್ತು ಎಳೆಗಳಲ್ಲಿ ಹತ್ತೊಂಬತ್ತು ಕೊಳೆತು ಒಂದೇ ಎಳೆ ತಾಗಿದ್ದರೂ ಅದು ಪೂರಾ ಹನ್ನೆರಡನ್ನೇ ತೋರಿಸುತ್ತದೆ. ಬಲ್ಬು ಹಾಗಲ್ಲ. 55 ವ್ಯಾಟಿನ ಬಲ್ಬು ಸುಮಾರು ನಾಲ್ಕೂವರೆ ಆಂಪಿಯರ್ ಕೇಳುತ್ತದೆ, ಉರಿಯುವಾಗ ಅದರ ಅಡ್ಡಿ ಎರಡೂವರೆ ಓಮ್ ಚಿಲ್ಲರೆ. ದಾರಿಯಲ್ಲಿ ಎಲ್ಲೋ ಕೊಳೆತ ಜಾಯಿಂಟು ಎರಡು ಓಮ್ ಅಡ್ಡಿ ಒಡ್ಡಿತೆಂದರೆ, ಹನ್ನೆರಡರಲ್ಲಿ ಐದು ವೋಲ್ಟನ್ನು ಆ ಜಾಯಿಂಟೇ ನುಂಗುತ್ತದೆ, ಬಲ್ಬಿಗೆ ಉಳಿಯುವುದು ಏಳು. ಮೋಟಾರಿಗೂ ಅಷ್ಟೇ. ಗ್ರೀಸು ಗಟ್ಟಿಯಾದ ಹಳೆಯ ಮೋಟಾರು ಆ ಏಳರಲ್ಲಿ ಅಲುಗಾಡುವುದಿಲ್ಲ. ಮೀಟರು ಸುಳ್ಳು ಹೇಳಿರಲಿಲ್ಲ, ಅದಕ್ಕೆ ಭಾರ ಹೊರುವ ಪ್ರಶ್ನೆಯನ್ನೇ ಯಾರೂ ಕೇಳಿರಲಿಲ್ಲ.

ಐದು ವೋಲ್ಟು ಎಲ್ಲಿ ಹೋಗುತ್ತಿದೆ ಎಂದು ಹುಡುಕಲು ಅವರು ಮತ್ತೆ ಮೀಟರನ್ನೇ ಹಿಡಿದರು, ಆದರೆ ಬಲ್ಬು ಸಿಕ್ಕಿಸಿದ ಹಾಗೇ ಇಟ್ಟು. ಒಂದೇ ತಂತಿಯ ಎರಡು ತುದಿಗೆ ಕಡ್ಡಿ ಹಚ್ಚಿದರು, ಒಂದು ತುದಿ ರಿಲೇ ಹತ್ತಿರ, ಇನ್ನೊಂದು ಸಾಕೆಟ್ ಹತ್ತಿರ. ಒಳ್ಳೆಯ ತಂತಿಯಾದರೆ ಅರ್ಧ ವೋಲ್ಟಿಗಿಂತ ಕಡಿಮೆ ತೋರಿಸಬೇಕು. ಒಂದು ತಂತಿ ಹಾಗೇ ತೋರಿಸಿತು. ಇನ್ನೊಂದರಲ್ಲಿ ಐದರ ಹತ್ತಿರ ಬಂತು. ಆ ತಂತಿಯ ಮೇಲೆ ಕೈಯಾಡಿಸುತ್ತ ಹೋದರು. ಚಾಸಿಯ ಮೇಲ್ಗಡೆ, ಕಣ್ಣಿಗೆ ಬೀಳದ ಕಡೆ, ಟೇಪು ಸುತ್ತಿದ ಗಂಟೊಂದು ಬೆರಳಿಗೆ ಸಿಕ್ಕಿತು. ಯಾವ ಕಾಲದಲ್ಲೋ ಯಾರೋ ತಂತಿ ತಿರುಚಿ ಕಟ್ಟಿದ್ದು. ಟೇಪು ಬಿಚ್ಚಿದರೆ ಅಂಟು ಕರಗಿ ಎರೆಮಣ್ಣಿನ ಜೊತೆ ಮೆತ್ತಿಕೊಂಡಿತ್ತು, ಒಳಗೆ ತಾಮ್ರ ಕಪ್ಪಾಗಿ, ಉಗುರು ತಾಗಿಸಿದರೆ ಪುಡಿಯಾಗುತ್ತಿತ್ತು. ಮೊಳದುದ್ದ ತಂತಿ ಕತ್ತರಿಸಿ ಹೊಸದನ್ನು ಬೆಸೆದು, ಮೇಲೆ ಕೊಳವೆ ಹಾಕಿ ಬೆಂಕಿಕಡ್ಡಿಯಿಂದ ಕಾಯಿಸಿ ಬಿಗಿಮಾಡಿದರು. ಬಲ್ಬು ಈಗ ಕಣ್ಣು ಕುಕ್ಕುವಂತೆ ಹತ್ತಿತು.

ಸಾಕೆಟ್ ಮೋಟಾರಿಗೆ ಹಾಕಿ ತಿರುಗಿಸಿದಾಗ ಕೆಳಗಿನಿಂದ 'ಘುರ್ರ್' ಎಂದು ಸದ್ದು ಬಂತು. ಅಪ್ಪ ಅಲ್ಲೇ ಕೈಮುಗಿದರು. ದೀಪ ಮಾತ್ರ ಇನ್ನೂ ಮಿಣುಕುತ್ತಿತ್ತು. ಹಳೆಯ ಗಾಡಿಯಲ್ಲಿ ಒಂದು ಕಾಯಿಲೆಯ ಹಿಂದೆ ಇನ್ನೊಂದು ಅಡಗಿ ಕೂತಿರುತ್ತದೆ.

ಮೋಟಾರು ಇಳಿಸಬೇಕಾಯಿತು. ಇಳಿಸುವ ಮೊದಲು ಚಾಚಾ ಅದರ ಮೈಮೇಲೂ ಕೇಸಿನ ಮೇಲೂ ಬಿಳಿ ಬಣ್ಣದ ಒಂದೇ ಗೆರೆ ಎಳೆದರು. ಅಚ್ಚು ಯಾವ ಕೋನದಲ್ಲಿತ್ತೋ ಅದೇ ಕೋನದಲ್ಲಿ ಮತ್ತೆ ಕೂರಬೇಕು, ಇಲ್ಲವಾದರೆ ಪೆಟ್ಟಿಗೆ 2ಎಚ್ ಅಂದುಕೊಂಡಲ್ಲಿ ಗೇರು ಬೇರೆಲ್ಲೋ ಇರುತ್ತದೆ. ಬೋಲ್ಟು ಬಿಚ್ಚಿ ಮೋಟಾರು ಎಳೆದ ಮೇಲೆ ಟ್ರಾನ್ಸ್‌ಫರ್ ಕೇಸಿನಿಂದ ಒಂದು ಅಚ್ಚಿನ ತುದಿ ಮಾತ್ರ ಹೊರಗೆ ಕಾಣುತ್ತಿತ್ತು. ಅದಕ್ಕೆ ಸ್ಪ್ಯಾನರು ಹಾಕಿ, ತಿರುಗಿಸಿ ನೋಡು ಎಂದು ನನ್ನ ಕೈಗೆ ಕೊಟ್ಟರು. ಮೊದಲು ಅಲುಗಲಿಲ್ಲ. ಗ್ಯಾರೇಜಿನ ಹುಡುಗರು ಗಾಡಿಯನ್ನು ಹಿಂದೆ ಮುಂದೆ ಒಂದೊಂದು ಗೇಣು ತಳ್ಳಿದರು, ಹಲ್ಲುಗಳ ಮೇಲಿನ ಒತ್ತಡ ಸಡಿಲಾದಂತೆ ಅಚ್ಚು ತಿರುಗಿತು. ಒಂದು ಕಡೆ 'ಕಟ್' ಎಂದು ಕೂತಿತು. ಇನ್ನೂ ಸ್ವಲ್ಪ, ಮತ್ತೆ 'ಕಟ್'. ಎರಡು ಚಕ್ರದ ಜಾಗ, ನಾಲ್ಕು ಚಕ್ರದ ಜಾಗ, ನ್ಯೂಟ್ರಲ್, ಕೆಳಗೇರು, ಎಲ್ಲವೂ ಒಂದೊಂದಾಗಿ ಸ್ಪ್ಯಾನರಿನ ಮೂಲಕ ಅಂಗೈಗೆ ಬಂದವು. ಜೀಪಿನವರು ಕಡ್ಡಿಯ ಬಗ್ಗೆ ಯಾಕಷ್ಟು ಪ್ರೀತಿಯಿಂದ ಮಾತಾಡುತ್ತಾರೆ ಎಂಬುದು ಆ ಗಳಿಗೆಯಲ್ಲಿ ತಿಳಿಯಿತು. ಹೊಲದಲ್ಲಿ ಸಿಕ್ಕಿಬಿದ್ದರೆ ಮೋಟಾರು ಇಲ್ಲದೆಯೂ ಹೀಗೆ ಕೈಯಿಂದಲೇ ಹಾಕಬಹುದು ಎಂದು ಚಾಚಾ ಹೇಳಿಕೊಟ್ಟರು. ಗಾಡಿ ನಿಂತಿರಬೇಕು, ಚಕ್ರಕ್ಕೆ ಕಲ್ಲು ಕೊಟ್ಟಿರಬೇಕು. ನ್ಯೂಟ್ರಲ್‌ಗೆ ಬಂದಾಗ ಹ್ಯಾಂಡ್‌ಬ್ರೇಕ್ ಇಲ್ಲದಿದ್ದರೆ ಗೇರಿನಲ್ಲಿದ್ದ ಗಾಡಿಯೂ ಉರುಳುತ್ತದೆ.

ಮೋಟಾರಿನ ಮುಚ್ಚಳ ತೆಗೆದರೆ ಒಳಗೆ ಗ್ರೀಸು ಕಂದುಬಣ್ಣದ ಮೇಣವಾಗಿತ್ತು. ಎನ್‌ಕೋಡರಿನ ತಟ್ಟೆಯ ಮೇಲೆ ತಾಮ್ರದ ಪಟ್ಟಿಗಳು ವೃತ್ತ ವೃತ್ತವಾಗಿ, ಅವುಗಳ ಮೇಲೆ ಓಡುವ ಸಣ್ಣ ಬ್ರಶ್ಶುಗಳು. ನಾಲ್ಕು ಪಟ್ಟಿ, ನಾಲ್ಕು ತಂತಿ. ಯಾವುದು ತಾಗಿದೆ, ಯಾವುದು ತಾಗಿಲ್ಲ ಎಂಬ ಜೋಡಣೆಯಿಂದಲೇ ಪೆಟ್ಟಿಗೆಗೆ ಅಚ್ಚಿನ ಜಾಗ ತಿಳಿಯುತ್ತದೆ. ಒಂದು ಪಟ್ಟಿಯ ಮೇಲೆ ಹಸಿರು ಕಿಲುಬು ಹಬ್ಬಿತ್ತು. ಮೋಟಾರು ತಿರುಗಿ ಸರಿಯಾದ ಜಾಗಕ್ಕೆ ಬಂದಿದ್ದರೂ ಆ ಒಂದು ಪಟ್ಟಿ ಉತ್ತರ ಕೊಡದ್ದರಿಂದ ಪೆಟ್ಟಿಗೆ ನಂಬಲಿಲ್ಲ. ಚಾಚಾ ಪೆಟ್ರೋಲಿನಲ್ಲಿ ಗ್ರೀಸು ತೊಳೆದು, ಮಗನ ಶಾಲೆಯ ಕಂಪಾಸಿನಿಂದ ರಬ್ಬರು ತರಿಸಿ ಪಟ್ಟಿಗಳನ್ನು ಉಜ್ಜಿದರು. ಪಾಲಿಶ್ ಕಾಗದ ಯಾಕೆ ಬೇಡ ಎಂದು ಕೇಳಿದೆ. ತಾಮ್ರ ತೆಳು, ಕಾಗದ ಅದನ್ನೇ ತಿಂದುಬಿಡುತ್ತದೆ, ಗೀರು ಬಿದ್ದರೆ ಬ್ರಶ್ಶು ಸವೆಯುತ್ತದೆ ಎಂದರು. ಕಿಲುಬು ಹೋದ ಮೇಲೆ ಪಟ್ಟಿ ಹೊಸ ಪೈಸೆಯ ಬಣ್ಣಕ್ಕೆ ಬಂತು.

ಮೋಟಾರು ಕೂರಿಸಿ, ಗ್ಯಾರೇಜಿನ ಹಿಂದಿನ ಮೊರಂ ಬಯಲಿಗೆ ಗಾಡಿ ತಂದರು. ಡಾಂಬರಿನ ಮೇಲೆ ಪರೀಕ್ಷೆ ಮಾಡಲು ಬಿಡಲಿಲ್ಲ. ಇಂಥ ಗಾಡಿಗಳಲ್ಲಿ ಮುಂದಿನ ಹಿಂದಿನ ಅಚ್ಚುಗಳ ನಡುವೆ ಡಿಫರೆನ್ಷಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಚಕ್ರಗಳು ಹೆಚ್ಚು ದೂರ ಹೋಗಬೇಕು, ಹಿಂದಿನವು ಕಡಿಮೆ. ಮಣ್ಣಿನಲ್ಲಾದರೆ ಆ ವ್ಯತ್ಯಾಸ ಜಾರಿ ಸರಿಹೋಗುತ್ತದೆ, ಒಣ ಡಾಂಬರಿನಲ್ಲಿ ಜಾರಲು ಜಾಗವಿಲ್ಲದೆ ಇಡೀ ಎಳೆತ ಗೇರಿನ ಹಲ್ಲುಗಳ ಮೇಲೆ ಕೂರುತ್ತದೆ. ಆಗ 2ಎಚ್‌ಗೆ ವಾಪಸು ಬರಲು ಮೋಟಾರಿಗೆ ಆಗುವುದಿಲ್ಲ. ಹಾಗೆ ಬಿಗಿದುಕೊಂಡರೆ ನಾಲ್ಕು ಮಾರು ಹಿಮ್ಮುಖ ಓಡಿಸಬೇಕು, ಬಿಚ್ಚಿಕೊಳ್ಳುತ್ತದೆ. ಬಯಲಿನಲ್ಲಿ ಅಪ್ಪ ಗುಂಡಿ ತಿರುಗಿಸಿದರು. ದೀಪ ಎರಡು ಸಲ ಮಿಣುಕಿ ಸ್ಥಿರವಾಗಿ ನಿಂತಿತು. ಮುಂದಿನ ಚಕ್ರಗಳು ಮೊರಂ ಕೆದರಿದವು.

ಮರುದಿನ ಅದೇ ತಗ್ಗು ದಾಟಿ ಕೊಟ್ಟಿಗೆಯಿಂದ ಉದ್ದಿನ ಚೀಲಗಳನ್ನು ತಂದೆವು. ಕೆಳಗಿನ ಸಾಲಿನ ಚೀಲಗಳಲ್ಲಿ ಮೊಳಕೆ ಬಂದಿತ್ತು, ಅವು ಎಮ್ಮೆಗಳಿಗೆ ಹೋದವು. ಉಳಿದದ್ದು ಮಾರಾಟಕ್ಕೆ ಬಂತು, ಆ ವರ್ಷದ ಸಾಲದ ಬಡ್ಡಿ ಅದರಲ್ಲೇ ಹೋಯಿತು.

ಚಾಚಾನ ಕೂಲಿಯ ಬಗ್ಗೆ ಹೇಳದೆ ಇರಲಾರೆ. ಅವರು ಕೇಳಿದ್ದು ತೀರ ಕಡಿಮೆ. ಅಪ್ಪ ಅದರ ಎರಡು ಪಟ್ಟು ಕೊಟ್ಟಾಗ ಅವರು ಮುಜುಗರದಿಂದ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಗಿರಾಕಿಗಳು ಸಾಮಾನಿಗೆ ರೊಕ್ಕ ಕೊಡುತ್ತಾರೆ. ಹೊಸ ಮೋಟಾರು ಹಾಕಿದ್ದರೆ ಲೆಕ್ಕ ಕೇಳದೆ ಕೊಡುತ್ತಿದ್ದರು. ಏನೂ ಹಾಕಿಲ್ಲ, ಬರೀ ಹುಡುಕಿದ್ದೀರಿ, ಇಷ್ಟ್ಯಾಕ ಎಂದು ಜಗಳ ತೆಗೆಯುತ್ತಾರೆ. ಇದು ನನಗೆ ಬಹಳ ಅನ್ಯಾಯ ಅನ್ನಿಸುತ್ತದೆ. ಅಂದಿನ ಕೆಲಸದಲ್ಲಿ ಕಷ್ಟದ್ದು ಹುಡುಕಾಟವೇ, ಬೆಸುಗೆಯನ್ನು ಯಾವ ಹುಡುಗನಾದರೂ ಹಾಕುತ್ತಿದ್ದ. ಎರಡು ಓಮ್ ಅಡ್ಡಿಯನ್ನು ಒಂದು ಬಲ್ಬಿನ ಬಣ್ಣದಲ್ಲಿ ಕಂಡವರಿಗೆ ನಾವು ಕೊಡುವುದು ಸಾಮಾನು ಮಾರುವವನಿಗೆ ಸಿಗುವ ಕಮಿಷನ್ನಿಗಿಂತಲೂ ಕಡಿಮೆ. ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಎಂದು ಕೆಲಸವನ್ನೇ ಹೆಸರಿನ ಮುಂದೆ ಹೊತ್ತ ಶರಣರನ್ನು ಪೂಜಿಸುವ ಊರಿದು. ಇಲ್ಲಿಯಾದರೂ ಹುಡುಕುವ ಕೆಲಸಕ್ಕೆ ಮರ್ಯಾದೆಯ ಕೂಲಿ ಸಿಗಬೇಕು.

ಆ ಮಳೆಗಾಲದ ನಂತರ ನಾನು ಬಿಡುವಾದಾಗೆಲ್ಲ ಅವರ ಗ್ಯಾರೇಜಿನಲ್ಲಿ ಕೂರತೊಡಗಿದೆ. ಅವರ ಹತ್ತಿರ ಶಾಲೆಯ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್ಕುಗಳಿದ್ದವು. ಒಂದೊಂದು ಗಾಡಿಗೆ ಒಂದೊಂದು ಪುಟ. ತಂತಿಗಳನ್ನು ಅವುಗಳ ಬಣ್ಣದ ಪೆನ್ಸಿಲಿನಲ್ಲೇ ಎಳೆದು, ಪಕ್ಕಕ್ಕೆ ಉರ್ದುವಿನಲ್ಲಿ ಟಿಪ್ಪಣಿ. ಎಲ್ಲಿಂದ ಎಲ್ಲಿಗೆ, ಎಷ್ಟು ವೋಲ್ಟು ಬರಬೇಕು, ಯಾವ ಜಾಗದಲ್ಲಿ ಉಜ್ಜಿ ತುಂಡಾಗುತ್ತದೆ. ಕಂಪನಿಗಳ ಕೈಪಿಡಿಯಲ್ಲಿ ಮೊದಲ ಎರಡು ಸಿಗುತ್ತವೆ. ಮೂರನೆಯದು ಈ ನೋಟ್‌ಬುಕ್ಕಿನಲ್ಲಿ ಮಾತ್ರ. ನಮ್ಮ ಐಟಿಐ ಹುಡುಗರಿಗೆ ಇಂಥದ್ದೊಂದು ಪುಸ್ತಕ ಕನ್ನಡದಲ್ಲಿ ಕೈಗೆ ಸಿಕ್ಕರೆ ಎಷ್ಟು ಅನುಕೂಲ ಎಂದು ನನಗೆ ಆಗಲೂ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ. ಅವರು ಓದಿ ಹೇಳಿದಂತೆ ನಾನು ಕೆಲವು ಪುಟಗಳನ್ನು ಕನ್ನಡದಲ್ಲಿ ಬರೆದುಕೊಂಡೆ, ನಮ್ಮ ಪಿಕಪ್ಪಿನ ಪುಟದಿಂದ ಶುರುಮಾಡಿ. ಗ್ಯಾರೇಜಿನ ಹುಡುಗರಲ್ಲಿ ಉರ್ದು ಓದಲು ಬಾರದವರು ಆ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಗೋಡೆಗೆ ಹೊಡೆದುಕೊಂಡರು.

ಬಲ್ಬಿನ ಪರೀಕ್ಷೆಯ ಪಾಠ ನನಗೆ ಗಾಡಿಗಿಂತ ಹೊಲದಲ್ಲೇ ಹೆಚ್ಚು ಉಪಯೋಗಕ್ಕೆ ಬಂದಿದೆ. ಟ್ರ್ಯಾಕ್ಟರ್ ಸೆಲ್ಫ್ ಎತ್ತದಿದ್ದಾಗ ಎಲ್ಲರೂ ಬ್ಯಾಟರಿ ಬದಲಿಸುವ ಮಾತಾಡುತ್ತಾರೆ. ಬ್ಯಾಟರಿಯ ಮೈನಸ್ ತಂತಿ ಚಾಸಿಗೆ ಕೂರುವ ಬೋಲ್ಟನ್ನು ಬಿಚ್ಚಿ ತುಕ್ಕು ಕೆರೆದು ಕೂರಿಸಿದರೆ ಎಷ್ಟೋ ಸಲ ಅಷ್ಟರಲ್ಲೇ ಮುಗಿಯುತ್ತದೆ. ನೆರೆಹೊಲದವರ ಟ್ರೇಲರಿನ ಹಿಂದಿನ ದೀಪ ಒಂದು ಹತ್ತಿದರೆ ಇನ್ನೊಂದು ಆರುತ್ತಿತ್ತು, ಅದೂ ಇದೇ ಸಂಸಾರ, ಮೈನಸ್ ಸರಿಯಾಗಿ ಕೂತಿರಲಿಲ್ಲ.

ಹೊಸ ಬಿಎಸ್6 ಗಾಡಿಗಳು ಬಂದ ಮೇಲೆ ಚಾಚಾನ ಮಗ ಸ್ಕ್ಯಾನರ್ ತಂದಿದ್ದಾನೆ. ಸಾಕೆಟ್ಟಿಗೆ ಸಿಕ್ಕಿಸಿದರೆ ಪರದೆಯ ಮೇಲೆ ತಪ್ಪಿನ ಸಂಖ್ಯೆ ಬರುತ್ತದೆ. ಅದು ಬೇಕೇ ಬೇಕು, ಅದಿಲ್ಲದೆ ಈಗಿನ ಗಾಡಿಗಳನ್ನು ಮುಟ್ಟಲಾಗದು. ಆದರೆ ಮೋಟಾರಿನ ಸರ್ಕಿಟ್ಟಿನಲ್ಲಿ ತೊಂದರೆ ಎಂದು ಬಂದ ಸಂಖ್ಯೆಯನ್ನು ನೋಡಿ ಮೋಟಾರನ್ನೇ ತರಿಸುವವರು ಇದ್ದಾರೆ. ಆ ಹುಡುಗ ಸಂಖ್ಯೆ ಓದಿದ ಮೇಲೆ ಬಲ್ಬು ಹುಡುಕುತ್ತಾನೆ. ಅವನ ಗ್ಯಾರೇಜಿಗೆ ಹುಲಸೂರು, ಭಾಲ್ಕಿಯಿಂದಲೂ ಗಾಡಿ ಬರುತ್ತವೆ.

ಪಿಕಪ್ಪನ್ನು ನಾವು ಕೆಲವು ವರ್ಷಗಳ ಹಿಂದೆ ಉಮರ್ಗಾದ ಕಡೆಯ ರೈತರೊಬ್ಬರಿಗೆ ಕೊಟ್ಟೆವು. ಕೊಡುವಾಗ ಮೂರು ಮಾತು ಹೇಳಿದೆ. ತಿಂಗಳಿಗೊಮ್ಮೆ, ಬೇಕಿರಲಿ ಬಿಡಲಿ, ಮಣ್ಣಿನ ದಾರಿಯಲ್ಲಿ ಗುಂಡಿ ತಿರುಗಿಸಿ ನಾಲ್ಕೂ ಚಕ್ರ ಓಡಿಸಬೇಕು, ಬರಗಾಲದಲ್ಲಂತೂ ತಪ್ಪಿಸಬಾರದು. ಡಾಂಬರಿನ ಮೇಲೆ 4ಎಚ್ ಹಾಕಬಾರದು. ದೀಪ ಮಿಣುಕಿದರೆ ಸಾಮಾನು ತರಿಸುವ ಮೊದಲು ಬಲ್ಬು ಹಚ್ಚಿ ನೋಡಬೇಕು. ಅವರು ಮರಾಠಿಯವರು, ನನ್ನ ಕನ್ನಡದ ಹಾಳೆ ಅವರಿಗೆ ಓದಲು ಬಾರದು. ಚಾಚಾನ ಮಗ ಅಲ್ಲೇ ಬಾನೆಟ್ಟಿನ ಮೇಲೆ ಕಾಗದವಿಟ್ಟು, ತಂತಿಯ ಬಣ್ಣಗಳನ್ನೆಲ್ಲ ಮರಾಠಿಯಲ್ಲಿ ಬರೆದುಕೊಟ್ಟ. ಕಳೆದ ಮಳೆಗಾಲದಲ್ಲಿ ಆ ರೈತರು ಫೋನು ಮಾಡಿ ನಾಲ್ಕನೆಯ ತಂತಿ ಹಸಿರೋ ನೀಲಿಯೋ ಎಂದು ಕೇಳಿದರು. ನೋಟ್‌ಬುಕ್ ತೆಗೆಸಿ ನೋಡಿ, ಹಸಿರು, ಮೇಲೆ ಬಿಳಿ ಗೆರೆ ಎಂದು ಹೇಳಿದೆವು.